ನಾಲ್ಕು ಹೂವಿನ ಕಾರ್ಡು

ದೊನ್ಕಾಳ ಮನೆಗೆ ಹೋಗಿ ಬಂದವರ ಕಾಲುಚೀಲ ಕೊಡವಿದರೆ ಒಂದಾದರೂ ಕಾಗದದ ಹೂ ಉದುರುತ್ತದೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಅದು ಮೊದಲಿನ ಮಾತು. ಈ ಚಳಿಗಾಲದಲ್ಲಿ ಮಾತು ಬೇರೆಯಾಯಿತು: "ಗಂಡ ಹೋಗಿ ಮೂರು ತಿಂಗಳಾಯ್ತು, ಬಾಗಿಲಿಗೆ ಒಂದು ಹಾಳೆ ಅಂಟಿಸಿಲ್ಲ ನೋಡು ಆಯಮ್ಮ!"

ಆ ಊರಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೊ, ಹೆಸರು ಇರುವ ಕಪ್ಪು ಅಂಚಿನ ಹಾಳೆ ಮನೆಬಾಗಿಲಿಗೆ ಬರಲೇಬೇಕು. ರೈಲ್ವೆ ಗೇಟು ಕಾಯುತ್ತಿದ್ದ ಗಂಡ ಗೆಂಚೊನ ಹಾಳೆಗಳನ್ನು ದೊನ್ಕಾಳ ತಂಗಿ ಸ್ತಾನ್ಕಾ ಅಚ್ಚು ಹಾಕಿಸಿ ತಂದಿದ್ದಳು. ದೊನ್ಕಾ ಅವನ್ನು ಮೇಜಿನ ಖಾನೆಗೆ ಹಾಕಿಟ್ಟಳು. ಯಾರಾದರೂ ಅವನ ವಿಷಯ ಎತ್ತಿದರೆ "ಅವರು ಮನೇಲಿಲ್ಲ" ಅನ್ನುತ್ತಿದ್ದಳು, ಅಷ್ಟೆ. ಅಳು ಬರುತ್ತದೇನೋ ಎಂದು ಕಾದು ನೋಡಿದ್ದಳು, ಬಂದಿರಲಿಲ್ಲ.

ಮನೆ ರೈಲ್ವೆಯದು. ಮಾರ್ಚ್ ಮುಗಿಯುವುದರೊಳಗೆ ಬಿಡಬೇಕು.

"ನಮ್ಮನೇಗೆ ಬಾ, ಕೋಣೆ ಇದೆ. ಆದ್ರೆ ಅಕ್ಕಾ, ಹಾಳೆ ಅಂಟಿಸದೆ ಬಂದ್ರೆ ಭಾವನ್ನ ಒಳಗೇ ಕೂಡಿಹಾಕಿ ಬೀಗ ಹಾಕಿದ ಹಾಗೆ," ಎಂದಿದ್ದಳು ಸ್ತಾನ್ಕಾ.

"ನೋಡೋಣ."

ಇಷ್ಟಾದರೂ ಗುರುವಾರ ಮಾತ್ರ ತಪ್ಪಲಿಲ್ಲ. ಊರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹನ್ನೊಂದು ಹೆಂಗಸರನ್ನು ಕೂರಿಸಿಕೊಂಡು ಹುಟ್ಟುಹಬ್ಬಕ್ಕೆ, ಮದುವೆಗೆ ಕಾರ್ಡು ಮಾಡಿಸುವುದು ಅವಳ ಹನ್ನೆರಡು ವರ್ಷದ ಕೆಲಸ. ಒತ್ತಿದರೆ ಕಾಗದವನ್ನು ಹೂವಾಗಿ ಕತ್ತರಿಸುವ ಪಂಚು, ಎಲೆಯ ಪಂಚು, ಚಿಟ್ಟೆಯ ಪಂಚು, ಎಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ. ಎರಡು ರೈಲಿನ ನಡುವೆ ಬಿಡುವಾದಾಗ ಗೆಂಚೊ ಹೂಗಳನ್ನು ಬಣ್ಣ ನೋಡಿ ಬೆಂಕಿಪೊಟ್ಟಣಗಳಿಗೆ ತುಂಬಿಕೊಡುತ್ತಿದ್ದ.

"ಪಂಚನ್ನ ತಲೆಕೆಳಗೆ ಹಿಡೀರೇ, ಹೂ ಎಲ್ಲಿ ಬೀಳುತ್ತೆ ಅಂತ ಕಾಣುತ್ತೆ. ಕಾರ್ಡಿಗೆ ಒಂದು, ಮೂರು, ಐದು! ಸಮಸಂಖ್ಯೆ ಸಮಾಧಿಗೆ, ಬದುಕಿರೋರಿಗಲ್ಲ." ಹನ್ನೆರಡು ವರ್ಷದಿಂದ ದೊನ್ಕಾಳ ಪಾಠ ಇದೇ.

ಮಾರ್ಚಿನ ಮೊದಲ ಗುರುವಾರ ಗುಂಪಿನ ವೇಲಿಕಾಳ ಮೊಮ್ಮಗಳ ಮದುವೆಗೆ ನಲವತ್ತು ಕಾರ್ಡು ಆಗಬೇಕಿತ್ತು. ದೊನ್ಕಾ ಮಾದರಿಯೊಂದನ್ನು ಮಾಡಿ ಮೇಜಿನ ನಡುವೆ ಇಟ್ಟು ಕಿಟಕಿಯ ಕಡೆ ತಿರುಗಿ ಕೂತಳು. ಹೆಂಗಸರು ಮಾದರಿ ನೋಡಿದರು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗಿತು. ಮಾದರಿಯಲ್ಲಿದ್ದಂತೆಯೇ ಪಂಚು ಒತ್ತಿದರು, ಅಂಟಿಸಿದರು.

ವೇಲಿಕಾ ಬಂದದ್ದು ತಡವಾಗಿ, ಚೀಸು ತುಂಬಿ ಬೇಯಿಸಿದ ಬಿಸಿ ಬಾನಿತ್ಸಾದ ತಟ್ಟೆ ಹಿಡಿದು. ಕಾರ್ಡುಗಳನ್ನು ನೋಡಿದ್ದೇ ತಟ್ಟೆ ಕುಕ್ಕಿದಳು.

"ಏನೇ ದೊನ್ಕಾ, ನನ್ನ ಮೊಮ್ಮಗಳಿಗೆ ಮದುವೆ ಮಾಡಿಸ್ತಿದೀಯೋ, ಮಣ್ಣು ಮಾಡಿಸ್ತಿದೀಯೋ?"

ದೊನ್ಕಾ ಎದ್ದು ಬಂದು ಎಣಿಸಿದಳು. ನಾಲ್ಕು. ಪಕ್ಕದ್ದರಲ್ಲೂ ನಾಲ್ಕು. ಎಲ್ಲದರಲ್ಲೂ ನಾಲ್ಕು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಯಾರದೋ ಕೈ ಮಾಡಿದ ಕೆಲಸ ನೋಡಿದಂತಿತ್ತು.

"ಯಾಕ್ರೇ ಒಬ್ರೂ ಹೇಳ್ಲಿಲ್ಲ?"

"ಹೇಗಕ್ಕಾ ಹೇಳೋದು?" ಎಂದಳು ಗುಂಪಿನ ಕಿರಿಯಳು. "ನೀನೇ ಮೂರು ತಿಂಗಳಿಂದ ಏನೂ ಹೇಳ್ತಿಲ್ಲ."

ವೇಲಿಕಾಗೆ ಆಗ ಹೊಳೆಯಿತು. ದನಿ ಇಳಿಸಿ, "ಹೋಗ್ಲಿ ಬಿಡೇ, ಒಂದೊಂದು ಹೂ ಸೇರಿಸಿದ್ರಾಯ್ತು. ನಮ್ಮ ಹುಡುಗಿ ಐದನೇದನ್ನ ಆಗ್ಲೇ ಹೊಟ್ಟೇಲಿಟ್ಕೊಂಡಿದಾಳೆ, ನಾವು ಅಂಟಿಸೋದೊಂದು ಬಾಕಿ," ಎಂದಳು. ಕೋಣೆಯೆಲ್ಲ ನಕ್ಕಿತು. ದೊನ್ಕಾ ನಗಲಿಲ್ಲ. ಮೊಂಡಾಗಿದ್ದ ಹೂವಿನ ಪಂಚನ್ನು ತೆಗೆದುಕೊಂಡು, ಚಾಕೊಲೇಟಿನ ಬೆಳ್ಳಿ ಹಾಳೆಯ ಮೇಲೆ ಹತ್ತು ಸಲ ಒತ್ತಿ ಹರಿತ ಮಾಡಿ ಕೊಟ್ಟಳು.

ಮೂವತ್ತೊಂಬತ್ತು ಕಾರ್ಡಿಗೆ ಐದನೇ ಹೂ ಬೀಳುವಷ್ಟರಲ್ಲಿ ಕೆಂಪು ಕಾಗದ ಮುಗಿಯಿತು.

"ಕೊನೇದಕ್ಕೆ ಬಿಳೀದು ಹಾಕ್ಲಾ?" ಕಿರಿಯಳು ದೊನ್ಕಾಳನ್ನು ಕೇಳಿದಳು.

"ಬೇಡ. ಅದು ನನಗಿರ್ಲಿ."

"ಅಯ್ಯೋ, ನಾಲ್ಕು ಹೂವಿಂದು ಯಾಕೇ?" ಎಂದಳು ವೇಲಿಕಾ.

"ಗೆಂಚೊಗೆ."

ಮೂರು ತಿಂಗಳಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ವೇಲಿಕಾ ಬಾನಿತ್ಸಾದ ದೊಡ್ಡ ತುಂಡೊಂದನ್ನು ಅವಳ ಮುಂದೆ ತಳ್ಳಿದಳು. ದೊನ್ಕಾ ತಿಂದಳು, ರುಚಿ ಗೊತ್ತಾಗಲಿಲ್ಲ.

ತಿಂಗಳ ಕೊನೆಯ ಶನಿವಾರ ಸಾಮಾನೆಲ್ಲ ತಂಗಿಯ ಮನೆಗೆ ಹೋಗಿಯಾಗಿತ್ತು. ಖಾಲಿ ಮನೆಯಲ್ಲಿ ದೊನ್ಕಾ ಒಂದೇ ಒಂದು ಹಾಳೆ, ಅಂಟಿನ ಡಬ್ಬಿ ಹಿಡಿದು ನಿಂತಿದ್ದಳು. ಅವತ್ತೂ ಅಳು ಬರಲಿಲ್ಲ. ಬಾಗಿಲು ಎಳೆದುಕೊಂಡು ಗೆಂಚೊನ ಹಾಳೆ ಅಂಟಿಸಿದಳು. ಅದರ ಕೆಳಗೆ ನಾಲ್ಕು ಹೂವಿನ ಕಾರ್ಡು. ಗುಂಪಿಗೆ ಕಲಿಸುತ್ತಿದ್ದಂತೆಯೇ ಹೆಬ್ಬೆರಳಿನಿಂದ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದಳು.

"ಬೀಗ ಹಾಕಿದ್ಯಾ?" ಹಳಿಯ ಆಚೆಯಿಂದ ಸ್ತಾನ್ಕಾ ಕೂಗಿದಳು.

"ಹಾಕಿದೆ. ಒಳಗೆ ಯಾರೂ ಇಲ್ಲ."

ಬೀಗದ ಕೈಯನ್ನು ಗೇಟು ಕಾಯಲು ಬಂದ ಹೊಸಬನ ಕೈಗಿಟ್ಟು, ಬಿಸ್ಕತ್ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ರೈಲು ಬರುವುದಿತ್ತು. ಅದು ಹೋಗಿ ಗೇಟು ಏಳುವವರೆಗೆ ನಿಂತಿದ್ದು, ಹಳಿ ದಾಟಿದಳು.