ಹರಿಗೋಲು ಹತ್ತದ ಕುದುರೆ

ತಿರುಮಕೂಡಲಿನಲ್ಲಿ ಹರಿಗೋಲು ನಡೆಸುವ ಮಾರಯ್ಯನಿಗೆ ಓದು ಬಾರದು. ಆದರೆ ಒಂದು ಪುಸ್ತಕ ಮಾತ್ರ ತನ್ನದೇ ಸ್ವತ್ತು ಅನ್ನೋ ಹಾಗೆ ಮಾತಾಡುತ್ತಿದ್ದ. ‘ಕೂಡಲ ಕುದುರೆ ಸವಾರ’ ಅಂತ ಅದರ ಹೆಸರು. ಪಾಳೇಗಾರರ ಕಾಲದ ಕಥೆ. ಸವಾರನೊಬ್ಬ ಕೋಟೆಯಿಂದ ತಾನೊಲಿದ ಹುಡುಗಿಯನ್ನು ಬಿಡಿಸಿಕೊಂಡು ಬರುತ್ತಾನೆ. ಹಿಂದೆ ದಂಡು, ಮುಂದೆ ಹೊಳೆ. ಅವನು, ಹುಡುಗಿ, ಕುದುರೆ, ಮೂವರೂ ಒಂದೇ ಹರಿಗೋಲಿನಲ್ಲಿ ದಾಟಿಬಿಡುತ್ತಾರೆ. ಓದಿದವರಿಗೆಲ್ಲ ಆ ಪುಟವೆಂದರೆ ಪ್ರಾಣ. ಸಂಗಮಕ್ಕೆ ಬಂದವರನ್ನು ಕೂರಿಸಿಕೊಂಡು ಹುಟ್ಟು ಹಾಕುತ್ತಾ ಮಾರಯ್ಯ ಹೇಳುತ್ತಿದ್ದ: “ಆ ಕುದ್ರೆ ದಾಟುಸ್ದೋನು ನಾನೇ ಕಣ್ರೀ. ಟೀಚರಮ್ಮ ನನ್ನ ಕೇಳಿ ಬರ್ದವ್ರೆ.”

ಕೇಳಿದ್ದು ನಿಜವೇ. ಬರೆದವರು ನಂಜನಗೂಡಿನ ವೆಂಕಟಲಕ್ಷ್ಮಿ ಟೀಚರು. ಮೂವತ್ತೆಂಟು ವರ್ಷದ ಹಿಂದೆ, ಕಥೆ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತಿದ್ದಾಗ, ನೋಟ್‌ಬುಕ್ ಹಿಡಿದು ಹೊಳೆದಂಡೆಗೆ ಬಂದಿದ್ದರು.

“ಏನಪ್ಪಾ, ಇದರಲ್ಲಿ ಕುದುರೆ ದಾಟಿಸಬಹುದಾ?”

ಆಗ ಮಾರಯ್ಯನಿಗೆ ಇಪ್ಪತ್ತನಾಲ್ಕು. ಹೊಸ ಹೆಂಡತಿ ಜವರಮ್ಮ ಬುತ್ತಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳೆದುರು ಗೊತ್ತಿಲ್ಲ ಅನ್ನೋದುಂಟೆ? “ಕುದ್ರೆ ಏನವ್ವ, ಆನೆ ಅತ್ಸುದ್ರೂ ದಾಟುಸ್ತೀನಿ” ಅಂದುಬಿಟ್ಟ. ಟೀಚರು ಹಾಗೇ ಬರೆದುಕೊಂಡು ಹೋದರು.

ಈ ಬೇಸಿಗೆಯಲ್ಲಿ ಅವರು ಮತ್ತೆ ಬಂದರು. ಎಪ್ಪತ್ತೈದು ದಾಟಿದೆ, ಕೈಯಲ್ಲಿ ಕೋಲು. ಪುಸ್ತಕ ಮರುಮುದ್ರಣವಾಗುತ್ತಿತ್ತು. ಯಾವುದೋ ಸಭೆಯಲ್ಲಿ ಒಬ್ಬರು ಎದ್ದು, ಹರಿಗೋಲಿನಲ್ಲಿ ಕುದುರೆಯೇ ಎಂದು ನಗಾಡಿದ್ದರಂತೆ.

“ಅಂಬಿಗನನ್ನೇ ಕೇಳಿ ಬರೆದಿದ್ದೀನಿ ಅಂತ ವಾದ ಮಾಡಿ ಬಂದಿದ್ದೀನಿ ಮಾರಯ್ಯ. ನೀನು ದಾಟಿಸಿದ್ದು ಯಾರ ಕುದುರೆ, ಹೇಳು. ಮುನ್ನುಡಿಯಲ್ಲಿ ನಿನ್ನ ಹೆಸರೂ ಹಾಕ್ತೀನಿ.”

ಮಾರಯ್ಯ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೀರು ನೋಡಿದ. ಯಾರದೋ ಒಂದು ಹೆಸರು ಹೇಳಿದರೆ ತಾನೂ ಅಚ್ಚಾಗುತ್ತಾನೆ; ಆದರೆ ಈ ಮುದುಕಮ್ಮ ಇನ್ನೊಂದು ಸಭೆಯಲ್ಲಿ ನಗೆಪಾಟಲು. ಇಲ್ಲ ಅಂದರೆ ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ ಹೊಳೆಪಾಲು.

“ಯೋಳಪ್ಪಾ, ಆನೆ ದಾಟುಸ್ದೋನೇ” ಅಂದಳು ದಡದ ಮೇಲಿದ್ದ ಜವರಮ್ಮ.

“ಇಲ್ಲ ಕಣವ್ವ” ಅಂದ ಮಾರಯ್ಯ. “ಕುದ್ರೆ ನಾನು ಕಂಡಿರೋದೇ ಮೈಸೂರು ದಸರಾದಲ್ಲಿ. ಅದು ಗೊರಸು ಊರುದ್ರೆ ತಳ ಕಿತ್ತೋಯ್ತದೆ. ನಮ್ಮಪ್ಪ ಎತ್ತು ದಾಟುಸ್ತಿದ್ದ, ಅದೂ ಒಳಗೆ ಅತ್ಸಿ ಅಲ್ಲ. ನಾವು ಕುಂತು ಮೂಗುದಾರ ಇಡ್ಕಳದು, ಎತ್ತು ಪಕ್ಕದಲ್ಲಿ ಈಜ್ಕಂಡು ಬರದು.”

ಟೀಚರು ಕೋಲನ್ನು ನೆಲಕ್ಕೆ ಕುಟ್ಟಿದರು. “ಮೂವತ್ತೆಂಟು ವರ್ಷ ಕಣಯ್ಯಾ!” ಅಂದರು. ಆಮೇಲೆ ಚಪ್ಪಲಿ ಬಿಟ್ಟರು. “ಕೈ ಹಿಡಿ. ನಾನೂ ಇದರಲ್ಲಿ ಒಂದು ದಿನವೂ ಕೂತವಳಲ್ಲ.”

ಆಚೆ ದಡ ಮುಟ್ಟುವ ತನಕ ಅವರ ಬಲಗೈ ನೀರಿನಲ್ಲೇ ಇತ್ತು, ಏನನ್ನೋ ಹಿಡಿದುಕೊಂಡ ಹಾಗೆ.

ದೀಪಾವಳಿ ಹೊತ್ತಿಗೆ ಪುಸ್ತಕ ಬಂತು. ಸೊಸೆ ಕೋಮಲ ಆ ಪುಟ ಓದಿ ಹೇಳಿದಳು. ಆನೆಯನ್ನೂ ದಾಟಿಸುತ್ತೇನೆ ಅಂತ ಅಂಬಿಗ ಜಂಬ ಕೊಚ್ಚುತ್ತಾನೆ. ಕಾಲಿಡುತ್ತಲೇ ಹರಿಗೋಲು ವಾಲಿ, ಕುದುರೆ ದಬಾರನೆ ನೀರಿಗೆ ಬೀಳುತ್ತದೆ. ಹುಡುಗಿ ಹರಿಗೋಲಿನಲ್ಲಿ ಕೂತು ಲಗಾಮು ಹಿಡಿದು ಅದನ್ನು ಪಕ್ಕದಲ್ಲೇ ಈಜಿಸಿಕೊಂಡು ಹೋಗುತ್ತಾಳೆ. ಅಂಬಿಗನ ಹೆಸರು ಮಾರಯ್ಯ.

“ಥೂ, ಬುಕ್ಕಲ್ಲೂ ಬಡಾಯಿ ಬುಡನಿಲ್ವಲ್ಲ!” ಅಂತ ಜವರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರನೇ ದಿನ ಸಂಗಮಕ್ಕೆ ಬಂದವರನ್ನು ಕೂರಿಸಿಕೊಂಡು ಮಾರಯ್ಯ ಹುಟ್ಟು ಹಾಕಿದ. ಮಧ್ಯ ಹೊಳೆಗೆ ಬಂದಾಗ ಗಂಟಲು ಸರಿಮಾಡಿಕೊಂಡ.

“ಕುದ್ರೆ ಬೀಳುಸ್ದೋನು ನಾನೇ ಕಣ್ರೀ.”