ಎದೆಯ ಬ್ಯಾಟರಿಗೆ ತೆಂಗಿನ ಲೆಕ್ಕ

ಸಿಂಗಟಗೆರೆಯ ಸಣ್ಣಬೀರಪ್ಪನಿಗೆ ಕ್ಯಾಲೆಂಡರ್ ಬೇಡ. ಮನೆಯಲ್ಲಿ ಏನೇ ನಡೆಯಲಿ, ಆ ವಾರವೇ ತೋಟದಲ್ಲೊಂದು ತೆಂಗಿನ ಸಸಿ ಊರುತ್ತಾನೆ. ಮಗಳು ಅನಿತಾಳ ಮದುವೆ ಯಾವಾಗಾಯಿತೆಂದರೆ ಮರದ ಎತ್ತರ ನೋಡಿ ಹೇಳುತ್ತಾನೆ. ಹೆಂಡತಿ ತಿಮ್ಮಕ್ಕನಿಗೆ ಈ ಲೆಕ್ಕ ಕೇಳಿ ಕೇಳಿ ಸಾಕಾಗಿತ್ತು.

ಎದೆಬಡಿತ ನಿಧಾನವಾಗಿ ಶಿವಮೊಗ್ಗದಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದಾಗಲೂ ಅದೇ ಕಥೆ. ಬ್ಯಾಟರಿ ಎಂಟರಿಂದ ಹತ್ತು ವರ್ಷ ಬರುತ್ತದೆ, ಆಗಾಗ ಬಂದು ತೋರಿಸಿ ಎಂದಿದ್ದರು ಡಾಕ್ಟರು. ಈತ ಹತ್ತನ್ನು ಗಟ್ಟಿಯಾಗಿ ಹಿಡಿದುಕೊಂಡ, ತೋರಿಸುವುದನ್ನು ಬಿಟ್ಟ. ತಿಮ್ಮಕ್ಕನ ಕೈಲಿ ಗುಂಡಿ ತೋಡಿಸಿ ಬಾವಿಯ ಪಕ್ಕ ಸಸಿ ನೆಡಿಸಿದ. ಆಸ್ಪತ್ರೆಯ ಕಾರ್ಡು ಎಲ್ಲಿ ಹೋಯಿತೋ!

ಈಗ ಎರಡು ಸಲ ತಲೆಸುತ್ತು ಬಂದು ಜಗಲಿಯಲ್ಲೇ ಕುಸಿದ.

“ನಡೀರಿ ಆಸ್ಪತ್ರೆಗೆ, ಬ್ಯಾಟರಿ ಮುಗ್ದಿರ್ಬೇಕು.”

“ಹುಚ್ಚಿ, ಬಾವಿ ಪಕ್ಕದ ಆ ಮರ ಇನ್ನೂ ಹೊಂಬಾಳೆ ಒಡೆದಿಲ್ಲ. ಏಳು ವರ್ಷದ ಮರ ಕಣೇ ಅದು. ಇನ್ನೂ ಮೂರು ವರ್ಷ ಐತೆ.”

ತಿಮ್ಮಕ್ಕ ಹಣೆ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ ಕರ್ಮವೇ! ಮೊದಲಿನ ಸಸಿ ಸುಳಿಗೆ ಹುಳ ಬಿದ್ದು ಸತ್ತೋಯ್ತಲ್ರೀ! ಅದೇ ಗುಂಡೀಲಿ ಇದನ್ನ ಊರಿದ್ದು ಮೊಮ್ಮಗಳು ಭುವನಾ ಹುಟ್ಟಿದಾಗ. ಅವಳಿಗೆ ಏಳು. ನಿಮ್ ಡಬ್ಬಿಗೆ ಹತ್ತಾಯ್ತು!”

ಸಣ್ಣಬೀರಪ್ಪ ಬಾವಿಯ ಕಡೆ ನೋಡಿದ. ಮರುದಿನ ಬೆಳಗ್ಗೆ ಇಬ್ಬರೂ ಕಡೂರಿನ ಬಸ್ಸು ಹತ್ತಿದರು.

ಶಿವಮೊಗ್ಗದಲ್ಲಿ ಡಾಕ್ಟರು ಎದೆಯ ಮೇಲೆ ಯಂತ್ರವಿಟ್ಟು ನೋಡಿ, “ಸದ್ಯ ಬಂದ್ರಲ್ಲ! ಇದನ್ನ ಈ ವಾರವೇ ಬದಲಾಯಿಸಬೇಕು” ಎಂದರು.

“ಸೆಲ್ ಒಂದೇ ಹಾಕ್ಕೊಡಿ ಸಾರ್, ಟಾರ್ಚಿಗೆ ಹಾಕ್ದಂಗೆ.”

“ಡಬ್ಬಿ ಬಿಚ್ಚೋಕಾಗಲ್ಲ ಅಜ್ಜ, ಪೂರ್ತಿ ಬೇರೆಯದೇ. ಹೃದಯಕ್ಕೆ ಹೋಗೋ ತಂತಿ ಚೆನ್ನಾಗಿದೆ, ಹಳೇದೇ ಇರಲಿ.”

ಹೊಸ ಡಬ್ಬಿ ಹೊತ್ತು ಊರಿಗೆ ಬಂದವನು ಕೇಳಿದ್ದೇನು ಗೊತ್ತೇ? ಸಸಿ! ಎಡಗೈ ಎತ್ತಬಾರದು, ಭಾರ ಹೊರಬಾರದು ಎಂದು ಹೇಳಿ ಕಳಿಸಿದ್ದರು. ಗುದ್ದಲಿ ಮತ್ತೆ ತಿಮ್ಮಕ್ಕನ ಪಾಲಿಗೇ ಬಂತು. ಗುದ್ದಲಿ ಹಿಡಿಯುವ ಮೊದಲು ಅವಳು ಪಂಪ್‌ಮನೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಹೊಸ ಡಬ್ಬಿ ಹಾಕಿಸಿದ ತಾರೀಕು ಬರೆದಳು, ಮೊಳದುದ್ದ ಅಕ್ಷರದಲ್ಲಿ.

“ಮಳೆಗೆ ಹೋಗ್ತದೆ ಕಣೇ ಅದು. ಮರ ಆದ್ರೆ...”

“ಬಾಯ್ ಮುಚ್ಕೊಂಡು ಸಸಿ ಹಿಡ್ಕಳಿ. ಆ ಕೈಲಲ್ಲ ಕಣ್ರೀ, ಬಲಗೈಲಿ!”