ಥೋರ್ಕಿಲ್ಡ್ ಎಂಜಿನ್ ಆಲಿಸಿದ್ದು

ಥೋರ್ಕಿಲ್ಡ್ ಆಯುಷ್ಯವಿಡೀ ಹಾಲಿನ ಲಾರಿ ಓಡಿಸಿದವನು. ಜಟ್ಲೆಂಡಿನ ಆ ಊರಿನಲ್ಲಿ ಯಾರ ಗಾಡಿ ಕೆಮ್ಮಿದರೂ ಮೊದಲು ಬರುತ್ತಿದ್ದುದು ಅವನ ಅಂಗಳಕ್ಕೆ. ಬಾನೆಟ್ ಎತ್ತಿಸಿ, ಟೊಪ್ಪಿ ತೆಗೆದು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಆಲಿಸಿ ತೀರ್ಪು ಕೊಡುತ್ತಿದ್ದ. ತೀರ್ಪು ಸರಿಯಾದರೆ ಊರಿಗೆಲ್ಲ ಸುದ್ದಿ. ತಪ್ಪಾದರೆ ಅದು ಗಾಡಿಯದೇ ತಪ್ಪು.

ನಿವೃತ್ತನಾದ ಮೇಲೆ ಅವನ ಸ್ವಂತ ಹಳೆಯ ಕಾರೇ ಕೈಕೊಟ್ಟಿತು. ಚರ್ಚಿನ ಏರು ಹತ್ತುವಾಗ ಏದುಸಿರು ಬಿಡುತ್ತಿತ್ತು. ಪೆಟ್ರೋಲನ್ನು ಮಾತ್ರ ಗಟಗಟ ಕುಡಿಯುತ್ತಿತ್ತು. ಕೈಗೆ ಕೆಲಸ ಸಿಕ್ಕಿತೆಂದು ಥೋರ್ಕಿಲ್ಡನಿಗೆ ಒಳಗೊಳಗೇ ಹಿಗ್ಗು. ಪ್ಲಗ್ ಬದಲಾಯಿಸಿದ. ಕಾರ್ಬ್ಯುರೇಟರ್ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ತೊಳೆದ. ಪೆಟ್ರೋಲ್ ಪಂಪೂ ಹೊಸದಾಯಿತು. ಎಂಜಿನ್ ದಿನದಿನಕ್ಕೂ ಇಂಪಾಗಿ ಹಾಡತೊಡಗಿತು; ಏರಿನಲ್ಲಿ ಮಾತ್ರ ಅದೇ ಪಾಡು.

"ಹಿಂದ್ಗಡೆಯಿಂದ ಏನೋ ಸುಟ್ಟ ವಾಸ್ನೆ ಬರ್ತಿದೆ ನೋಡು," ಎಂದಳು ಹೆಂಡತಿ ಎಲ್ಸೆಬೆತ್.

"ಎಂಜಿನ್ ಇರೋದು ಮುಂದೆ. ಮೂಗಲ್ಲೇ ರಿಪೇರಿ ಆಗೋ ಹಾಗಿದ್ರೆ ನಿನ್ನನ್ನೇ ಕರೀತಿದ್ದೆ."

ಒಂದು ಭಾನುವಾರ ಇಬ್ಬರೂ ಚರ್ಚಿನಿಂದ ಮರಳಿ ಇನ್ನೂ ಕಾರಿಳಿಯುತ್ತಿದ್ದರು. ಪಕ್ಕದ ಮನೆಯ ಹೋಲ್ಗರ್ ನಾಯಿಯ ಜೊತೆ ಬಂದ. ಥೋರ್ಕಿಲ್ಡ್ ಅವನನ್ನು ಸೀಟಿನಲ್ಲಿ ಕೂರಿಸಿ, ಆಕ್ಸಿಲರೇಟರ್ ತುಳಿಯಲು ಹೇಳಿ, ಬಾನೆಟ್ಟಿನೊಳಗೆ ತಲೆ ತೂರಿಸಿದ.

"ಕೇಳಿಸ್ತಾ? ವಾಲ್ವ್ ಸೋರ್ತಿದೆ. ಎಂಜಿನ್ ಇಳಿಸ್ಲೇಬೇಕು!"

ಅಷ್ಟರಲ್ಲಿ ನಾಯಿ ಕಾರಿಗೊಂದು ಸುತ್ತು ಬಂದು ಹಿಂದಿನ ಚಕ್ರಕ್ಕೆ ಕಾಲೆತ್ತಿತು. ಚುಂಯ್ ಎಂದು ಸದ್ದಾಗಿ ಬಿಳಿ ಹಬೆ ಎದ್ದಿತು. ನಾಯಿ ಕುಂಯ್ಗುಡುತ್ತ ಎಲ್ಸೆಬೆತಳ ಹಿಂದೆ ಅಡಗಿತು. ಅವಳು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, "ಇದ್ರ ಮೇಲೆ ಮೊಟ್ಟೆ ಹುರೀಬಹುದು," ಎಂದಳು.

ಹ್ಯಾಂಡ್‌ಬ್ರೇಕಿನ ತಂತಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಾಪದ ಕಾರು ಇಷ್ಟು ದಿನವೂ ಬ್ರೇಕ್ ಹಾಕಿಕೊಂಡೇ ಊರೆಲ್ಲ ಓಡಾಡಿತ್ತು.

"ಗಾಡಿ ಡಾಕ್ಟ್ರಿಗಿಂತ ನಮ್ಮ ನಾಯೇ ವಾಸಿ, ಮಾರಾಯ!" ಹೋಲ್ಗರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಥೋರ್ಕಿಲ್ಡ್ ಆ ದಿನ ಕಾಫಿಗೂ ಕೋಣೆಯಿಂದ ಹೊರಗೆ ಬರಲಿಲ್ಲ.

ತಂತಿ ಬದಲಾದ ಮೇಲೆ ಕಾರು ಏರನ್ನು ಎಷ್ಟು ಜೋರಾಗಿ ಹತ್ತಿತೆಂದರೆ, ಮೇಲೆ ನಿಂತಿದ್ದ ಪೊಲೀಸನೊಬ್ಬ ಕೈ ಅಡ್ಡ ಹಿಡಿದ.

"ಈ ಹಳೇ ಗಾಡೀಲಿ ಇಷ್ಟು ಸ್ಪೀಡಾ? ಏನ್ ಮಾಡ್ಸಿದ್ದೀಯ ಇದಕ್ಕೆ?"

ಥೋರ್ಕಿಲ್ಡನ ಮುಖ ಅರಳಿತು. ಇಳಿದು ಬಾನೆಟ್ ಎತ್ತಿದ. ಪ್ಲಗ್ಗಿನಿಂದ ಶುರುಮಾಡಿ ಕಾರ್ಬ್ಯುರೇಟರ್, ಪಂಪು ಎಲ್ಲದರ ಕತೆ ಹೇಳತೊಡಗಿದ. ಬ್ರೇಕಿನ ಸುದ್ದಿ ಮಾತ್ರ ಬರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಎಲ್ಸೆಬೆತ್ ಕಿಟಕಿಯ ಗಾಜು ಏರಿಸಿ, ಚೀಲದಿಂದ ಹೆಣಿಗೆ ತೆಗೆದಳು.